ಬೈಕಿನ ಚೀಲಕ್ಕೆ ಹೊಂದುವ ಲ್ಯಾಪ್‌ಟಾಪ್: ಆಯ್ಕೆಯ ಸಮಗ್ರ ಮಾರ್ಗದರ್ಶಿ

ಹುಬ್ಬಳ್ಳಿಯ ಯಾವ ಕಂಪ್ಯೂಟರ್ ಅಂಗಡಿಗೆ ಹೋದರೂ ಲ್ಯಾಪ್‌ಟಾಪಿನ ಮಾತು ಪ್ರೊಸೆಸರಿನಿಂದಲೇ ಶುರುವಾಗುತ್ತದೆ. ನಂತರ ರ‍್ಯಾಮ್, ಆಮೇಲೆ ಬೆಲೆ, ಕೊನೆಗೆ ಬಣ್ಣ. ಮನೆಯಲ್ಲೋ ಕಚೇರಿಯಲ್ಲೋ ಮೇಜಿನ ಮೇಲಿಟ್ಟು ಬಳಸುವವರಿಗೆ ಈ ಅನುಕ್ರಮದಿಂದ ತೊಂದರೆಯಿಲ್ಲ. ಆದರೆ ಶನಿವಾರ ನಸುಕಿನಲ್ಲಿ ಬೈಕ್ ಹತ್ತಿ ದಾಂಡೇಲಿಗೋ, ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿದು ಅಂಕೋಲೆಗೋ, ಗದಗಿನ ಮೇಲೆ ಹಾದು ಹಂಪಿಗೋ ಹೊರಡುವವರು, ಬಾಕಿ ಕೆಲಸವನ್ನೂ ಜೊತೆಗೇ ಕಟ್ಟಿಕೊಂಡು ಹೋಗಬೇಕೆಂದಿದ್ದರೆ, ಈ ಕ್ರಮವನ್ನು ತಲೆಕೆಳಗು ಮಾಡಿಕೊಳ್ಳುವುದು ಒಳ್ಳೆಯದು. ಯಂತ್ರ ಬೈಕಿನ ಮೇಲೆ ಎಲ್ಲಿ ಕೂಡುತ್ತದೆ, ದಾರಿಯಲ್ಲಿ ಹೇಗೆ ಚಾರ್ಜ್ ಆಗುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಮೊದಲು ಉತ್ತರ ಸಿಗಬೇಕು. ಪ್ರೊಸೆಸರಿನ ಸರದಿ ಬಹಳ ಹಿಂದೆ ಬರುತ್ತದೆ. ತುಸು ನಿಧಾನವಾದ ಲ್ಯಾಪ್‌ಟಾಪಿನಲ್ಲಿ ಹೇಗೋ ಕೆಲಸ ಮುಗಿಯುತ್ತದೆ. ಚೀಲಕ್ಕೆ ಹೊಂದದ ಲ್ಯಾಪ್‌ಟಾಪು ಎರಡನೆಯ ಪ್ರವಾಸಕ್ಕೆ ಮನೆಯಲ್ಲೇ ಉಳಿಯುತ್ತದೆ.

1. ಒಯ್ಯುವ ಅಗತ್ಯವಿದೆಯೇ ಎಂದು ನಿರ್ಧರಿಸಿ

ಪ್ರವಾಸದಲ್ಲಿ ನಿಜವಾಗಿ ಮಾಡುವ ಕೆಲಸಗಳನ್ನು ಒಂದು ಚೀಟಿಯ ಮೇಲೆ ಬರೆಯಿರಿ. ಇಮೇಲ್ ನೋಡುವುದು, ಫೋಟೊ ಹಂಚುವುದು, ಮಾರ್ಗ ಹುಡುಕುವುದು ಇಷ್ಟೇ ಇದ್ದರೆ ಫೋನ್ ಸಾಕು; ಅದಕ್ಕೊಂದು ಮಡಚುವ ಬ್ಲೂಟೂತ್ ಕೀಲಿಮಣೆ ಜೋಡಿಸಿದರೆ ಉದ್ದದ ಬರವಣಿಗೆಯೂ ನಡೆಯುತ್ತದೆ. ಎಕ್ಸೆಲ್ ಹಾಳೆಗಳನ್ನು ತಿದ್ದುವವರು, ಕಚೇರಿಯ ವಿಪಿಎನ್ (ಕಚೇರಿ ಜಾಲಕ್ಕೆ ಹೊರಗಿನಿಂದ ಸುರಕ್ಷಿತ ಸಂಪರ್ಕ) ಮೂಲಕವೇ ಕೆಲಸ ಮಾಡಬೇಕಾದ ಸಾಫ್ಟ್‌ವೇರ್ ನೌಕರರು, ಡಿಜಿಟಲ್ ಸಹಿಯ ಟೋಕನ್ (ಸಹಿಯನ್ನು ಹೊತ್ತ, ಯುಎಸ್‌ಬಿಗೆ ಚುಚ್ಚುವ ಪುಟ್ಟ ಸಾಧನ) ಬಳಸಿ ತೆರಿಗೆ ವಿವರ ಸಲ್ಲಿಸುವ ಸಲಹೆಗಾರರು, ಚಳಿಗಾಲದಲ್ಲಿ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳ ಚಿತ್ರ ತೆಗೆದು ಅಂದೇ ರಾತ್ರಿ ಕಾರ್ಡ್ ಖಾಲಿ ಮಾಡಬೇಕಾದ ಛಾಯಾಗ್ರಾಹಕರು, ಇವರಿಗೆ ಲ್ಯಾಪ್‌ಟಾಪ್ ಬೇಕೇ ಬೇಕು. ಈ ಚೀಟಿಯನ್ನು ಎಸೆಯಬೇಡಿ. ಏಳನೆಯ ಹಂತದಲ್ಲಿ ಮತ್ತೆ ಬೇಕಾಗುತ್ತದೆ.

2. ಬೈಕಿನ ಮೇಲೆ ಅದರ ಜಾಗ ಗೊತ್ತುಮಾಡಿ

ಲ್ಯಾಪ್‌ಟಾಪನ್ನು ಇಡಬಹುದಾದ ಸ್ಥಳಗಳು ನಾಲ್ಕು: ಬೆನ್ನ ಮೇಲಿನ ಚೀಲ, ಪೆಟ್ರೋಲ್ ಟ್ಯಾಂಕಿನ ಮೇಲಿನ ಚೀಲ, ಹಿಂದಿನ ಸೀಟಿಗೆ ಕಟ್ಟುವ ಚೀಲ, ಹಿಂಬದಿಯ ಗಟ್ಟಿ ಪೆಟ್ಟಿಗೆ. ಇವುಗಳಲ್ಲಿ ಪೆಟ್ಟಿಗೆಯೇ ಅತ್ಯಂತ ಸುರಕ್ಷಿತ ಎಂದು ಬಹುಜನರ ನಂಬಿಕೆ, ಏಕೆಂದರೆ ಅದಕ್ಕೆ ಕೀಲಿಯಿದೆ ಮತ್ತು ಮಳೆ ಒಳಗೆ ಹೋಗುವುದಿಲ್ಲ. ಕಳ್ಳತನ ಮತ್ತು ಮಳೆಯ ಮಟ್ಟಿಗೆ ಅದು ನಿಜ. ಆದರೆ ಆ ಪೆಟ್ಟಿಗೆ ಹಿಂಗಾಲಿಯ ಅಚ್ಚಿಗಿಂತಲೂ ಹಿಂದೆ, ಚೌಕಟ್ಟಿನ ತುದಿಗೆ ತೂಗಿಕೊಂಡಿರುವುದರಿಂದ, ರಸ್ತೆಯ ಪ್ರತಿ ಗುಂಡಿಯ ಹೊಡೆತ ಅಲ್ಲಿ ದೊಡ್ಡದಾಗಿ ತಲುಪುತ್ತದೆ. ಪೆಟ್ಟಿಗೆಯನ್ನೇ ಬಳಸುವುದಾದರೆ ತಳಕ್ಕೆ ಎರಡು ಬೆರಳು ದಪ್ಪದ ಫೋಮ್ ಹಾಕಿ, ಲ್ಯಾಪ್‌ಟಾಪನ್ನು ಮಲಗಿಸದೆ ನಿಲ್ಲಿಸಿ, ಎರಡೂ ಬದಿಗೆ ಬಟ್ಟೆ ತುರುಕಿ, ಅದು ಅಲುಗಾಡದಂತೆ ಮಾಡಬೇಕು.

ನನ್ನ ಅಭಿಪ್ರಾಯದಲ್ಲಿ 1.3 ಕೆ.ಜಿ.ಯೊಳಗಿನ ಯಂತ್ರಕ್ಕೆ ಬೆನ್ನಿನ ಚೀಲವೇ ಉತ್ತಮ. ಸವಾರನ ದೇಹ ಹೊಡೆತದ ಬಹುಪಾಲನ್ನು ತಾನೇ ಹೀರಿಕೊಳ್ಳುತ್ತದೆ, ಚಹಾಕ್ಕೆ ನಿಂತಾಗ ಚೀಲ ತಾನಾಗಿ ಜೊತೆಗೆ ಬರುತ್ತದೆ. ಎದೆಯ ಮೇಲೆ ಅಡ್ಡಪಟ್ಟಿ ಇರುವ, ಸೊಂಟಕ್ಕೂ ಬಿಗಿಯುವ ಚೀಲ ಆಯ್ದುಕೊಳ್ಳಿ. ಇಲ್ಲದಿದ್ದರೆ ಕಲಘಟಗಿ ತಲುಪುವುದರೊಳಗೆ ಭುಜ ನೋಯತೊಡಗುತ್ತದೆ. ಲ್ಯಾಪ್‌ಟಾಪಿನ ಚಪ್ಪಟೆ ಮೈ ಬೆನ್ನಿಗೆ ಸಮನಾಗಿ ಕೂಡಬೇಕು. ಚಾರ್ಜರಿನ ಗಟ್ಟಿ ಇಟ್ಟಿಗೆ, ಬೀಗ, ಪಾನಾ ಮುಂತಾದವು ಬೆನ್ನುಹುರಿಯ ನೇರಕ್ಕೆ ಎಂದಿಗೂ ಬರಕೂಡದು. ಬಿದ್ದಾಗ ಪೆಟ್ಟು ಯಂತ್ರಕ್ಕಿಂತ ಮೊದಲು ಮೈಗೆ ತಾಗುತ್ತದೆ.

ಟ್ಯಾಂಕ್ ಚೀಲ ಕಣ್ಣೆದುರೇ ಇರುತ್ತದೆ, ಕಡಿಮೆ ಕುಲುಕುತ್ತದೆ. ಆದರೆ ಕೆಳಗಿನಿಂದ ಎಂಜಿನ್ನಿನ ಬಿಸಿ, ಮೇಲಿನಿಂದ ಬಿಸಿಲು ಎರಡೂ ತಾಗುವ ಜಾಗ ಅದು. ಅದರ ತಳದಲ್ಲಿ ಅಯಸ್ಕಾಂತವಿದ್ದರೆ ಇನ್ನೊಂದು ವಿಷಯ ಗಮನಿಸಬೇಕು: ಮುಚ್ಚಳ ಮುಚ್ಚಿದೆಯೋ ತೆರೆದಿದೆಯೋ ಎಂಬುದನ್ನು ಹೆಚ್ಚಿನ ಲ್ಯಾಪ್‌ಟಾಪುಗಳು ಒಂದು ಸಣ್ಣ ಅಯಸ್ಕಾಂತದ ಮೂಲಕವೇ ಅರಿಯುತ್ತವೆ. ಪ್ರಬಲ ಅಯಸ್ಕಾಂತ ಪಕ್ಕದಲ್ಲಿದ್ದರೆ ಆ ಅರಿವು ತಪ್ಪಬಹುದು. ಎಸ್‌ಎಸ್‌ಡಿಯಲ್ಲಿರುವ (ಚಿಪ್ಪುಗಳಲ್ಲಿ ಕಡತ ಉಳಿಸುವ ಡಿಸ್ಕಿನಲ್ಲಿರುವ) ಮಾಹಿತಿಗೆ ಇದರಿಂದ ಅಪಾಯವಿಲ್ಲ.

ಹಿಂದಿನ ಸೀಟಿನ ಚೀಲದ ಬಗ್ಗೆ ಒಂದೇ ಮಾತು, ಆದರೆ ಮುಖ್ಯವಾದದ್ದು. ಕೊಕ್ಕೆಗಳಿರುವ ಎಲಾಸ್ಟಿಕ್ ಹಗ್ಗವನ್ನು ಜಗ್ಗಿ ಬಿಗಿದಾಗ ಅದು ಚೀಲದ ನಡುಭಾಗವನ್ನು ಒಂದೇ ಗೆರೆಯಲ್ಲಿ ಒತ್ತುತ್ತದೆ. ಆ ಗೆರೆಯ ಕೆಳಗೆ ಲ್ಯಾಪ್‌ಟಾಪಿನ ಮುಚ್ಚಳವಿದ್ದರೆ, ಬೀಳದೆ ಏಳದೆ, ಮಳೆ ತಾಗದೆ, ಪರದೆಯ ಮೇಲೆ ಅಡ್ಡ ಬಿರುಕು ಮೂಡಿರುತ್ತದೆ. ಕೀಲಿಗಳ ಚೌಕಾಕಾರದ ಗುರುತುಗಳೂ ಗಾಜಿನ ಮೇಲೆ ಅಚ್ಚೊತ್ತಿರುತ್ತವೆ. ಅಗಲವಾದ ಪಟ್ಟಿಗಳನ್ನೇ ಬಳಸಿ, ಯಂತ್ರವನ್ನು ಎರಡು ಪದರ ಬಟ್ಟೆಗಳ ನಡುವೆ ಇರಿಸಿ.

ಜಾಗ ಗೊತ್ತಾದ ಮೇಲೆ ಟೇಪ್ ಹಿಡಿದು ಆ ಚೀಲದ ಒಳ ಅಳತೆ ತೆಗೆದುಕೊಳ್ಳಿ. ಮೆತ್ತನೆಯ ಕವಚಕ್ಕಾಗಿ ಉದ್ದ ಅಗಲಗಳಲ್ಲಿ ಎರಡೆರಡು ಸೆಂಟಿಮೀಟರ್ ಕಳೆಯಿರಿ. ಉಳಿದದ್ದೇ ನಿಮ್ಮ ಲ್ಯಾಪ್‌ಟಾಪಿನ ಗರಿಷ್ಠ ಅಳತೆ. ಅಂಗಡಿಗೆ ಹೋಗುವಾಗ ಚೀಲವನ್ನೂ ಹೆಗಲಿಗೇರಿಸಿಕೊಂಡೇ ಹೋಗಿ.

3. ಗಾತ್ರ ಮತ್ತು ತೂಕ

15.6 ಇಂಚಿನ ಲ್ಯಾಪ್‌ಟಾಪು ಸಾಮಾನ್ಯವಾಗಿ 36 ಸೆಂಟಿಮೀಟರ್ ಅಗಲವಿರುತ್ತದೆ, ತೂಕ 1.6 ಕೆ.ಜಿ.ಗಿಂತ ಮೇಲೆ. ಬೈಕಿಗೆ ಅದು ದೊಡ್ಡದಾಯಿತು. 14 ಇಂಚಿನದು 31ರಿಂದ 32, 13 ಇಂಚಿನದು 30ರ ಆಸುಪಾಸು. ಹಗುರವಾದ 14 ಇಂಚು ಮತ್ತು ಸಾಧಾರಣ 13 ಇಂಚುಗಳ ನಡುವೆ ಚೀಲದಲ್ಲಿ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಪರದೆಯಲ್ಲಿ ಮಾತ್ರ ಕಾಣುತ್ತದೆ. 11.6 ಇಂಚಿನ ಅಗ್ಗದ ಯಂತ್ರಗಳು ಚೀಲಕ್ಕೆ ಬಹಳ ಚೆನ್ನಾಗಿ ಹೊಂದುತ್ತವೆ, ಆದರೆ ಅವುಗಳಲ್ಲಿ ಬಹುತೇಕ 4 ಜಿಬಿ ರ‍್ಯಾಮ್ ಮತ್ತು ಮಸುಕು ಪರದೆ ಇರುವುದರಿಂದ ನಾನು ಯಾರಿಗೂ ಸೂಚಿಸುವುದಿಲ್ಲ.

ತೂಕ ಹೇಳುವಾಗ ಕಂಪನಿಗಳು ಯಂತ್ರದ್ದನ್ನಷ್ಟೇ ಹೇಳುತ್ತವೆ. ಚಾರ್ಜರ್, ತಂತಿ, ಕವಚ, ಪವರ್ ಬ್ಯಾಂಕ್ ಸೇರಿದರೆ ಇನ್ನೊಂದು ಕಿಲೋ ಸುಲಭವಾಗಿ ಏರುತ್ತದೆ. ಲೆಕ್ಕ ಹಾಕಬೇಕಾದದ್ದು ಈ ಒಟ್ಟು ತೂಕವನ್ನು.

4. ಕುಲುಕಾಟ ತಾಳುವ ಮೈಕಟ್ಟು

ತಿರುಗುವ ತಟ್ಟೆಯ ಹಾರ್ಡ್ ಡಿಸ್ಕ್ ಇರುವ ಹಳೆಯ ಲ್ಯಾಪ್‌ಟಾಪನ್ನು ಬೈಕಿನಲ್ಲಿ ಒಯ್ಯುವ ವಿಚಾರವನ್ನೇ ಬಿಡಿ. ಅದರ ಓದುವ ಸೂಜಿ ತಟ್ಟೆಯಿಂದ ಕೂದಲೆಳೆಗಿಂತ ಕಡಿಮೆ ಅಂತರದಲ್ಲಿ ಚಲಿಸುತ್ತದೆ. ಡಿಸ್ಕ್ ಚಾಲೂ ಇರುವಾಗ ಒಂದು ಜೋರು ಹೊಡೆತ ಬಿದ್ದರೆ ಮಾಹಿತಿ ಹೋದಂತೆಯೇ. ಎಸ್‌ಎಸ್‌ಡಿಯಲ್ಲಿ ಚಲಿಸುವ ಭಾಗಗಳೇ ಇಲ್ಲ. ಹಾಗಾಗಿ ಇಲ್ಲಿ ಚೌಕಾಶಿ ಬೇಡ.

ಎಸ್‌ಎಸ್‌ಡಿ ಇದ್ದರೂ ಕಂಪನದ ಕಾಟ ಪೂರ್ತಿ ತಪ್ಪುವುದಿಲ್ಲ. ಒಂಟಿ ಸಿಲಿಂಡರಿನ ದೊಡ್ಡ ಎಂಜಿನ್ನುಗಳ ನಡುಕ ಗಂಟೆಗಟ್ಟಲೆ ತಾಗುತ್ತಿದ್ದರೆ ತಳದ ಸ್ಕ್ರೂಗಳು ಸಡಿಲವಾಗುತ್ತವೆ. ಬೈಕಿನ ಹ್ಯಾಂಡಲಿಗೆ ಕಟ್ಟಿದ ಐಫೋನಿನ ಕ್ಯಾಮೆರಾ ಇಂಥ ಕಂಪನದಿಂದ ಕೆಡಬಹುದೆಂದು ಆ್ಯಪಲ್ ಕಂಪನಿಯೇ 2021ರಲ್ಲಿ ಎಚ್ಚರಿಕೆ ನೀಡಿತ್ತು. ಕೈನಡುಕ ಸರಿಪಡಿಸಲು ಅತ್ತಿತ್ತ ಜರುಗುವ ಆ ಕ್ಯಾಮೆರಾದಂಥ ಲೆನ್ಸ್ ಲ್ಯಾಪ್‌ಟಾಪಿನಲ್ಲಿ ಇರುವುದಿಲ್ಲವಾದರೂ, ಚಾಲೂ ಇರುವ ಯಂತ್ರದ ಯಾವ ಭಾಗವನ್ನೂ ನೇರವಾಗಿ ಲೋಹಕ್ಕೆ ತಾಗಿಸಿ ಕಟ್ಟಬಾರದು ಎಂಬ ಪಾಠ ಇದಕ್ಕೂ ಸಲ್ಲುತ್ತದೆ.

ಜಾಹೀರಾತುಗಳಲ್ಲಿ ಎಂಐಎಲ್-ಎಸ್‌ಟಿಡಿ-810 ಎಂಬ ಸಂಖ್ಯೆ ಕಾಣುತ್ತದೆ. ಇದು ಅಮೆರಿಕದ ಸೇನೆಯ ಪರೀಕ್ಷಾ ವಿಧಾನಗಳ ಸಂಗ್ರಹ. 2019ರಲ್ಲಿ ಬಂದ ಆವೃತ್ತಿಗೆ 810ಎಚ್ ಎಂದು ಹೆಸರು. ಅದರಲ್ಲಿ ಕಂಪನ, ಧೂಳು, ಶಾಖ, ಬೀಳುವಿಕೆ ಮುಂತಾದ ಹಲವು ಪರೀಕ್ಷೆಗಳಿವೆ, ಯಾವುದನ್ನು ಮಾಡಿಸಬೇಕೆಂದು ಕಂಪನಿಯೇ ಆರಿಸಿಕೊಳ್ಳುತ್ತದೆ. ಆದ್ದರಿಂದ ಆ ಗುರುತಿದ್ದರೆ ಒಳ್ಳೆಯದೇ, ಆದರೆ ಕಂಪನದ ಪರೀಕ್ಷೆ ಆಗಿದೆಯೇ ಎಂದು ವಿವರಪುಟದಲ್ಲಿ ನೋಡಿ. ಅದು ಮಳೆಯಲ್ಲಿ ನೆನೆಯಲು ಕೊಟ್ಟ ಅನುಮತಿಯೂ ಅಲ್ಲ.

ಧೂಳಿನ ವಿಚಾರ ನಮ್ಮ ಕಡೆ ಸಣ್ಣದಲ್ಲ. ಬೇಸಿಗೆಯಲ್ಲಿ ನವಲಗುಂದ, ನರಗುಂದ, ರೋಣದ ಎರೆ ಹೊಲಗಳ ನಡುವಿನ ರಸ್ತೆಗಳಲ್ಲಿ ಲಾರಿಯೊಂದು ಎದುರಾದರೆ ಸಾಕು, ಹಿಟ್ಟಿನಷ್ಟು ನುಣುಪಾದ ಕರಿಧೂಳು ಜಿಪ್ಪಿನ ಹಲ್ಲುಗಳ ನಡುವಿನಿಂದಲೂ ಚೀಲದೊಳಗೆ ಇಳಿಯುತ್ತದೆ. ಫ್ಯಾನ್ ಇರುವ ಲ್ಯಾಪ್‌ಟಾಪು ಅದನ್ನು ಒಳಗೆಳೆದುಕೊಂಡು, ತಂಪುಗೊಳಿಸುವ ತಗಡುಗಳ ಮೇಲೆ ಪದರ ಕಟ್ಟಿಸಿಕೊಳ್ಳುತ್ತದೆ. ಆ್ಯಪಲ್‌ನ ಮ್ಯಾಕ್‌ಬುಕ್ ಏರ್‌ನ ಎಂ1 ಪ್ರೊಸೆಸರಿನ ಮತ್ತು ನಂತರದ ಮಾದರಿಗಳಲ್ಲಿ ಫ್ಯಾನ್ ಇಲ್ಲ. ಧೂಳಿನ ಮಟ್ಟಿಗೆ ಇದು ದೊಡ್ಡ ಅನುಕೂಲ. ಆದರೆ ಫ್ಯಾನ್ ಇಲ್ಲದ ಯಂತ್ರ ಬಿಸಿಯಾದಾಗ ತನ್ನ ವೇಗವನ್ನೇ ತಗ್ಗಿಸಿಕೊಳ್ಳುತ್ತದೆ. ಆ್ಯಪಲ್ ಸೂಚಿಸುವ ಬಳಕೆಯ ಉಷ್ಣಾಂಶ 10ರಿಂದ 35 ಡಿಗ್ರಿ, ಇಡುವ ಉಷ್ಣಾಂಶದ ಮಿತಿ 45 ಡಿಗ್ರಿ. ಏಪ್ರಿಲ್ ಮಧ್ಯಾಹ್ನ ಗದಗಿನಲ್ಲಿ ಬಿಸಿಲಿಗೆ ನಿಲ್ಲಿಸಿದ ಕಪ್ಪು ಪೆಟ್ಟಿಗೆಯೊಳಗೆ ಈ ಎರಡನೆಯ ಮಿತಿಯೂ ದಾಟೀತು. ಯಾವ ಕಂಪನಿಯದಾದರೂ ಊಟಕ್ಕೆ ಖಾನಾವಳಿಗೆ ಹೋಗುವಾಗ ಲ್ಯಾಪ್‌ಟಾಪು ನಿಮ್ಮೊಂದಿಗೇ ಒಳಗೆ ಬರಲಿ.

5. ಚಾರ್ಜಿಂಗ್

ನನ್ನನ್ನು ಕೇಳಿದರೆ ಈ ಹಂತದಲ್ಲೇ ಅರ್ಧ ಪಟ್ಟಿ ಕತ್ತರಿಸಿಹೋಗಬೇಕು. ಯುಎಸ್‌ಬಿ-ಸಿ ಮೂಲಕ ಚಾರ್ಜ್ ಆಗದ ಲ್ಯಾಪ್‌ಟಾಪನ್ನು ಬೈಕ್ ಪ್ರವಾಸಕ್ಕಾಗಿ ಕೊಳ್ಳಬೇಡಿ. ದುಂಡು ಪಿನ್ನಿನ ಚಾರ್ಜರ್ ಊರು ಬಿಟ್ಟ ಮೇಲೆ ಕೆಟ್ಟರೆ ಅಥವಾ ಲಾಡ್ಜಿನಲ್ಲಿ ಮರೆತರೆ, ಅದೇ ಅಳತೆಯದು ಹಾನಗಲ್ಲಿನಲ್ಲೋ ಹಳಿಯಾಳದಲ್ಲೋ ಸಿಗುವ ಭರವಸೆ ಇಲ್ಲ. ಯುಎಸ್‌ಬಿ-ಸಿ ಇದ್ದರೆ 65 ವ್ಯಾಟಿನ ಒಂದೇ ಚಾರ್ಜರ್ ಫೋನಿಗೂ, ಕ್ಯಾಮೆರಾಕ್ಕೂ, ಲ್ಯಾಪ್‌ಟಾಪಿಗೂ ಆಗುತ್ತದೆ. ಗಮನಿಸಿ: ಯುಎಸ್‌ಬಿ-ಸಿ ಕಿಂಡಿ ಇದ್ದ ಮಾತ್ರಕ್ಕೆ ಅದರಿಂದ ಚಾರ್ಜ್ ಆಗುತ್ತದೆಂದಲ್ಲ, ಅಗ್ಗದ ಹಲವು ಮಾದರಿಗಳಲ್ಲಿ ಅದು ಮಾಹಿತಿ ರವಾನೆಗಷ್ಟೇ ಮೀಸಲು. ಪವರ್ ಡೆಲಿವರಿ (ಯುಎಸ್‌ಬಿ-ಸಿ ಮೂಲಕ ಹೆಚ್ಚು ವಿದ್ಯುತ್ ಸಾಗಿಸುವ ವಿಧಾನ) ಎಂಬ ಮಾತು ವಿವರಪುಟದಲ್ಲಿ ಇದೆಯೇ ನೋಡಿ, ಅಂಗಡಿಯಲ್ಲಿ ತಂತಿ ಚುಚ್ಚಿಯೂ ನೋಡಿ.

ಬ್ಯಾಟರಿಯ ಬಲವನ್ನು ಕಂಪನಿ ಹೇಳುವ ಗಂಟೆಗಳಿಂದ ಅಳೆಯಬೇಡಿ, ಅದರಲ್ಲಿ ಹಿಡಿಸುವ ಒಟ್ಟು ವಿದ್ಯುತ್ತನ್ನು ಹೇಳುವ ವ್ಯಾಟ್-ಅವರ್‌ನಿಂದ ಅಳೆಯಿರಿ. 50 ವ್ಯಾಟ್-ಅವರ್ ಇರುವ ಲ್ಯಾಪ್‌ಟಾಪು ಬರವಣಿಗೆಯಂಥ ಹಗುರ ಕೆಲಸದಲ್ಲಿ 7-8 ವ್ಯಾಟ್ ಬಳಸಿದರೆ ಸುಮಾರು ಆರು ಗಂಟೆ ನಡೆಯುತ್ತದೆ. 20,000 ಎಂಎಎಚ್ ಪವರ್ ಬ್ಯಾಂಕಿನಲ್ಲಿ, 3.7 ವೋಲ್ಟಿನ ಲೆಕ್ಕದಲ್ಲಿ, 74 ವ್ಯಾಟ್-ಅವರ್ ಇರುತ್ತದೆ. ಪರಿವರ್ತನೆಯ ನಷ್ಟ ಕಳೆದು 55-60 ಕೈಗೆ ಬರುತ್ತದೆ ಎಂದಿಟ್ಟುಕೊಳ್ಳಿ. ಅಂದರೆ ಲ್ಯಾಪ್‌ಟಾಪು ಒಮ್ಮೆ ತುಂಬುತ್ತದೆ. ಆದರೆ ಆ ಪವರ್ ಬ್ಯಾಂಕ್ ಯುಎಸ್‌ಬಿ-ಸಿ ಮೂಲಕ ಕನಿಷ್ಠ 45 ವ್ಯಾಟ್ ಕೊಡುವಂಥದ್ದಾಗಿರಬೇಕು. ಫೋನಿಗೆಂದು ಮಾಡಿದ 18 ಅಥವಾ 22 ವ್ಯಾಟಿನವು ಲ್ಯಾಪ್‌ಟಾಪನ್ನು ಒಂದೋ ಗುರುತಿಸುವುದೇ ಇಲ್ಲ, ಇಲ್ಲವೇ ರಾತ್ರಿಯಿಡೀ ತೊಟ್ಟಿಕ್ಕಿಸುತ್ತವೆ.

ಬೈಕಿನಿಂದಲೇ ಚಾರ್ಜ್ ಮಾಡಬಹುದೇ ಎಂದು ಕೇಳುವವರು ಬಹಳ. ಹ್ಯಾಂಡಲಿನ ಬಳಿಯ ಸಾಮಾನ್ಯ ಯುಎಸ್‌ಬಿ ಕಿಂಡಿ 5 ವೋಲ್ಟ್, 2 ಆಂಪಿಯರ್, ಅಂದರೆ 10 ವ್ಯಾಟ್ ಮಾತ್ರ ಕೊಡುತ್ತದೆ. ಲ್ಯಾಪ್‌ಟಾಪಿಗೆ ಅದು ಸಾಲದು. 12 ವೋಲ್ಟಿನಿಂದ 65 ವ್ಯಾಟ್ ಪವರ್ ಡೆಲಿವರಿ ಕೊಡುವ ಸಾಧನ ಅಳವಡಿಸಬಹುದು. ಆಗ ಬ್ಯಾಟರಿಯಿಂದ ಆರು ಆಂಪಿಯರಿನಷ್ಟು ವಿದ್ಯುತ್ ಹರಿಯುತ್ತದೆ. ಅದಕ್ಕೆ ಪ್ರತ್ಯೇಕ ಫ್ಯೂಸ್ ಬೇಕು, ಕೀಲಿ ತಿರುಗಿಸಿದಾಗ ಮಾತ್ರ ಚಾಲೂ ಆಗುವಂತೆ ರಿಲೇ ಬೇಕು. 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟ್ ಸದಾ ಉರಿಯುತ್ತಲೇ ಇರಬೇಕೆಂಬ ನಿಯಮವಿರುವುದರಿಂದ, 100-125 ಸಿಸಿ ಬೈಕುಗಳಲ್ಲಿ ಮಿಗುವ ವಿದ್ಯುತ್ ಬಹಳ ಕಡಿಮೆ. ಎಂಜಿನ್ ನಿಲ್ಲಿಸಿ ಚಾರ್ಜ್ ಮಾಡುವುದಂತೂ ಬೇಡ: 12 ವೋಲ್ಟ್, 8 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇರುವುದೇ 96 ವ್ಯಾಟ್-ಅವರ್, ಲ್ಯಾಪ್‌ಟಾಪು ತುಂಬುವ ಹೊತ್ತಿಗೆ ಬೈಕನ್ನು ತಳ್ಳುವ ಹೊತ್ತು ಬಂದಿರುತ್ತದೆ. ನನ್ನ ಸಲಹೆ: ಓಡುವಾಗ ಬೈಕಿನಿಂದ ಫೋನ್ ಮಾತ್ರ ಚಾರ್ಜ್ ಮಾಡಿ, ಲ್ಯಾಪ್‌ಟಾಪನ್ನು ಲಾಡ್ಜಿನ ಗೋಡೆಗೆ ಬಿಡಿ. ಓಡುವ ಬೈಕಿನಲ್ಲಿ ತಂತಿ ಚುಚ್ಚಿಟ್ಟರೆ ಪ್ರತಿ ಕುಲುಕಿಗೂ ಕಿಂಡಿಯ ಬೆಸುಗೆ ಸಡಿಲಾಗುತ್ತ ಹೋಗುತ್ತದೆ. ಯುಎಸ್‌ಬಿ-ಸಿ ಕಿಂಡಿಗಳು ಎರಡಿದ್ದರೆ, ಒಂದು ಕೈಕೊಟ್ಟಾಗ ಇನ್ನೊಂದಿರುತ್ತದೆ.

6. ಪರದೆ, ಕೀಲಿಮಣೆ, ಕಿಂಡಿಗಳು

ಲಕ್ಕುಂಡಿಯ ಕಾಶಿವಿಶ್ವೇಶ್ವರ ದೇವಾಲಯದ ಅಂಗಳದಲ್ಲಿ ಕುಳಿತು ತೆಗೆದ ಚಿತ್ರಗಳನ್ನು ಅಲ್ಲೇ ನೋಡಬೇಕೆಂದರೆ 250 ನಿಟ್ಸ್ ಬೆಳಕಿನ ಪರದೆಯಲ್ಲಿ ನಿಮ್ಮ ಮುಖವೇ ಕಾಣುತ್ತದೆ. 400 ನಿಟ್ಸ್, ಹೊಳಪಿಲ್ಲದ ಮೇಲ್ಮೈ ಇದ್ದರೆ ನೆರಳಿನಲ್ಲಿ ಕೆಲಸ ಸಾಗುತ್ತದೆ.

ಹಗುರ ಲ್ಯಾಪ್‌ಟಾಪುಗಳಲ್ಲಿ ಎಸ್‌ಡಿ ಕಾರ್ಡ್ ಕಿಂಡಿ ಅಪರೂಪ. ಪುಟ್ಟ ರೀಡರ್ ಒಂದನ್ನು ಚೀಲದಲ್ಲಿ ಕಾಯಂ ಆಗಿ ಇಡಿ. ಕನ್ನಡದಲ್ಲಿ ಬರೆಯುವವರು ಅಂಗಡಿಯಲ್ಲೇ ನುಡಿ ಅಥವಾ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಒಂದು ಪುಟ ಟೈಪಿಸಿ ನೋಡಲಿ; ಸಣ್ಣ ಯಂತ್ರಗಳಲ್ಲಿ ಬಲಬದಿಯ ಆವರಣ ಚಿಹ್ನೆಗಳ ಕೀಲಿಗಳು ಕುಗ್ಗಿರುತ್ತವೆ, ಇನ್‌ಸ್ಕ್ರಿಪ್ಟಿನಲ್ಲಿ ಅವೇ ಪದೇಪದೇ ಬೇಕಾಗುತ್ತವೆ.

7. ಈಗ ಪ್ರೊಸೆಸರ್, ರ‍್ಯಾಮ್, ಸಂಗ್ರಹ

ಮೊದಲ ಹಂತದ ಚೀಟಿ ಹೊರತೆಗೆಯಿರಿ. ಬರವಣಿಗೆ, ಲೆಕ್ಕಪತ್ರ, ವೆಬ್ ಇಷ್ಟಕ್ಕೆ 8 ಜಿಬಿ ರ‍್ಯಾಮ್ ನಡೆಯುತ್ತದೆ. ಫೋಟೊ ತಿದ್ದುವವರಿಗೆ, ವಿಡಿಯೊ ಜೋಡಿಸುವವರಿಗೆ 16 ಬೇಕು. ತೆಳು ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುವುದರಿಂದ ಮುಂದೆ ಹೆಚ್ಚಿಸಲು ಬರುವುದಿಲ್ಲ. ಕಂಪನದ ದೃಷ್ಟಿಯಿಂದ ಬೆಸುಗೆಯೇ ಗಟ್ಟಿ ಎಂಬ ಸಮಾಧಾನವೂ ಇದೆ.

ಸಂಗ್ರಹದ ಲೆಕ್ಕ ಹೀಗೆ. ಹೆಲ್ಮೆಟ್ ಕ್ಯಾಮೆರಾ ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ 4ಕೆ ವಿಡಿಯೊ ಚಿತ್ರೀಕರಿಸಿದರೆ ಗಂಟೆಗೆ 45 ಜಿಬಿ ಆಗುತ್ತದೆ. 256 ಜಿಬಿ ಡಿಸ್ಕಿನಲ್ಲಿ ವಿಂಡೋಸ್, ತಂತ್ರಾಂಶಗಳು, ಹಳೆಯ ಕಡತಗಳು ಹೋಗಿ ಉಳಿದದ್ದರಲ್ಲಿ ಒಂದು ದಿನದ ಸವಾರಿ ಹಿಡಿಸುವುದೂ ಕಷ್ಟ. ವಿಡಿಯೊ ಮಾಡುವವರು 512 ಜಿಬಿಗಿಂತ ಕೆಳಗಿಳಿಯಬಾರದು, ಜೊತೆಗೊಂದು ಪುಟ್ಟ ಬಾಹ್ಯ ಎಸ್‌ಎಸ್‌ಡಿಯೂ ಬೇಕು.

ಸ್ನಾಪ್‌ಡ್ರಾಗನ್ ಪ್ರೊಸೆಸರಿನ ವಿಂಡೋಸ್ ಲ್ಯಾಪ್‌ಟಾಪುಗಳು 2024ರಿಂದ ಹೆಚ್ಚಾಗಿ ಬರುತ್ತಿವೆ. ಬ್ಯಾಟರಿ ಬಾಳಿಕೆಯಲ್ಲಿ ಅವು ಮೇಲು. ಆದರೆ ಡಿಜಿಟಲ್ ಸಹಿಯ ಟೋಕನ್, ಹಳೆಯ ಪ್ರಿಂಟರ್, ಕೆಲವು ವಿಪಿಎನ್‌ಗಳಿಗೆ ಆ ಪ್ರೊಸೆಸರಿಗೆಂದೇ ಬರೆದ ಡ್ರೈವರ್ (ಸಾಧನವನ್ನು ನಡೆಸುವ ತಂತ್ರಾಂಶ) ಬೇಕಾಗುತ್ತದೆ. ತೆರಿಗೆ ಸಲಹೆಗಾರರು ತಮ್ಮ ಟೋಕನ್ನನ್ನು ಚುಚ್ಚಿ ನೋಡದೆ ದುಡ್ಡು ಕೊಡಬಾರದು.

8. ಹೊಸದೋ, ಬಳಸಿದ್ದೋ

ಬೈಕ್ ಪ್ರವಾಸಕ್ಕೆಂದೇ ಎರಡನೆಯ ಲ್ಯಾಪ್‌ಟಾಪು ಕೊಳ್ಳುವುದಾದರೆ, ಕಂಪನಿಗಳು ಬಳಸಿ ಬಿಟ್ಟ ವ್ಯಾಪಾರಿ ದರ್ಜೆಯ ಯಂತ್ರಗಳೇ ಜಾಣ ಆಯ್ಕೆ ಎಂಬುದು ನನ್ನ ನಿಲುವು. ಲೆನೊವೊ ಥಿಂಕ್‌ಪ್ಯಾಡ್ ಎಕ್ಸ್280, ಡೆಲ್ ಲ್ಯಾಟಿಟ್ಯೂಡ್ 7290 ಇವೆರಡೂ 12.5 ಇಂಚಿನವು, ತೂಕ 1.2 ಕೆ.ಜಿ. ಆಸುಪಾಸು, ಯುಎಸ್‌ಬಿ-ಸಿಯಿಂದ ಚಾರ್ಜ್ ಆಗುತ್ತವೆ. ಪರದೆ ದೊಡ್ಡದು ಬೇಕೆನ್ನುವವರಿಗೆ 14 ಇಂಚಿನ ಥಿಂಕ್‌ಪ್ಯಾಡ್ ಎಕ್ಸ್1 ಕಾರ್ಬನ್ ಇದೆ. ಒಂದು ಎಚ್ಚರ: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ನಡೆಯಲು, ಇಂಟೆಲ್ ಆದರೆ ಬಹುಮಟ್ಟಿಗೆ ಎಂಟನೆಯ ಪೀಳಿಗೆ ಅಥವಾ ಮುಂದಿನದು ಬೇಕು. ಆದ್ದರಿಂದ ಪ್ರೊಸೆಸರಿನ ಹೆಸರಿನಲ್ಲಿ 8250 ಎಂಬಂತೆ 8ರಿಂದ ಶುರುವಾಗುವ ಸಂಖ್ಯೆ ಇದೆಯೇ ನೋಡಿ. 7200, 6300 ಎಂದಿದ್ದರೆ ಅಗ್ಗವೆಂದು ಆಸೆಪಡಬೇಡಿ.

ಹೊಸದರಲ್ಲಿ ಮ್ಯಾಕ್‌ಬುಕ್ ಏರ್ 13 ಇಂಚು 1.24 ಕೆ.ಜಿ. ಇದೆ, 2024ರ ಕೊನೆಯಿಂದ ಅದರ ಮೂಲ ಮಾದರಿಯಲ್ಲೇ 16 ಜಿಬಿ ರ‍್ಯಾಮ್ ಬರುತ್ತಿದೆ. ಎಲ್‌ಜಿ ಗ್ರಾಮ್ 14 ಇಂಚು ಒಂದು ಕಿಲೋದಷ್ಟೇ ತೂಗುತ್ತದೆ, ಆದರೆ ಅದರ ಮುಚ್ಚಳ ಒತ್ತಿದರೆ ಬಾಗುತ್ತದೆ. ಹಿಂದಿನ ಸೀಟಿಗೆ ಕಟ್ಟುವವರಿಗೆ ಅದು ಸಲ್ಲದು.

9. ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆ

ಲ್ಯಾಪ್‌ಟಾಪನ್ನು ತೆರೆದು ಒಂದು ಮೂಲೆಯಿಂದ ಒಂದೇ ಕೈಯಲ್ಲಿ ಎತ್ತಿ. ಕಿರುಗುಟ್ಟಿದರೆ ಮೈಕಟ್ಟು ಸಡಿಲ. ಮುಚ್ಚಿ, ಮುಚ್ಚಳದ ನಡುವೆ ಅಂಗೈಯಿಂದ ಮೆಲ್ಲಗೆ ಒತ್ತಿ. ಬಾಗಿಲ ಬಳಿ ಬೆಳಕಿಗೆ ಒಯ್ದು ಪರದೆ ನೋಡಿ. ಯುಎಸ್‌ಬಿ-ಸಿ ಕಿಂಡಿಗೆ ತಂತಿ ಚುಚ್ಚಿ ಮೇಲೆ ಕೆಳಗೆ ಅಲುಗಾಡಿಸಿದಾಗ ಚಾರ್ಜಿಂಗ್ ಗುರುತು ಮಿನುಗಿದರೆ ಆ ಯಂತ್ರವನ್ನು ಅಲ್ಲೇ ಬಿಡಿ. ಬಳಸಿದ ವಿಂಡೋಸ್ ಯಂತ್ರದಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಪವರ್‌ಸಿಎಫ್‌ಜಿ (powercfg /batteryreport) ಆದೇಶದ ಮೂಲಕ ಬ್ಯಾಟರಿ ರಿಪೋರ್ಟ್ ತೆಗೆಸಿ. ಮೂಲ ಸಾಮರ್ಥ್ಯ ಮತ್ತು ಈಗಿನ ಪೂರ್ಣ ಸಾಮರ್ಥ್ಯ ಎರಡೂ ಅದರಲ್ಲಿರುತ್ತವೆ. ಶೇಕಡಾ 75ಕ್ಕಿಂತ ಕಡಿಮೆಯಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ಮಾತಿನಲ್ಲಿ ಮುರಿದುಕೊಳ್ಳಿ. ಕೊನೆಗೆ ನಿಮ್ಮ ಚೀಲದಲ್ಲಿಟ್ಟು ಜಿಪ್ ಹಾಕಿ, ಹೆಗಲಿಗೇರಿಸಿ ನೋಡಿ.

ಬಿಲ್ಲಿನಲ್ಲಿ ಸೀರಿಯಲ್ ಸಂಖ್ಯೆ ಬರೆಸಿಕೊಳ್ಳಿ. ಸಾಮಾನ್ಯ ವಾರಂಟಿ ಬಿದ್ದದ್ದನ್ನೂ ನೆನೆದದ್ದನ್ನೂ ಒಪ್ಪುವುದಿಲ್ಲ, ಬೈಕಿನ ವಿಮೆಯೂ ಚೀಲದೊಳಗಿನ ಸಾಮಾನಿಗೆ ಅನ್ವಯಿಸುವುದಿಲ್ಲ. ಆಕಸ್ಮಿಕ ಹಾನಿಯ ರಕ್ಷಣೆಗೆ ಬೇರೆ ಹಣ ಕೇಳಿದರೆ, ಬೈಕ್ ಸವಾರರ ಮಟ್ಟಿಗೆ ಅದು ಕೊಡತಕ್ಕ ಹಣವೇ.

10. ಹೊರಡುವ ಹಿಂದಿನ ರಾತ್ರಿ

ಲ್ಯಾಪ್‌ಟಾಪನ್ನು ಸ್ಲೀಪ್‌ನಲ್ಲಿಟ್ಟು ಚೀಲಕ್ಕೆ ಹಾಕಬೇಡಿ. ಈಚಿನ ಹಲವು ವಿಂಡೋಸ್ ಯಂತ್ರಗಳು ಸ್ಲೀಪ್‌ನಲ್ಲಿದ್ದಾಗಲೂ ಅಪ್‌ಡೇಟ್‌ಗೆಂದು ಎಚ್ಚರಗೊಳ್ಳುತ್ತವೆ. ಫೋಮ್ ಸುತ್ತಿದ ಚೀಲದೊಳಗೆ ಬಿಸಿ ಹೊರಹೋಗಲು ದಾರಿಯಿಲ್ಲದೆ ಬ್ಯಾಟರಿ ಕುದಿಯುತ್ತದೆ. ಪೂರ್ತಿ ಆರಿಸಿ ಅಥವಾ ಹೈಬರ್ನೇಟ್ (ತೆರೆದ ಕೆಲಸವನ್ನು ಡಿಸ್ಕಿನಲ್ಲಿ ಉಳಿಸಿ ಆರುವ ವಿಧಾನ) ಮಾಡಿ. ಪರದೆ ಮತ್ತು ಕೀಲಿಗಳ ನಡುವೆ ದಪ್ಪ ಬಟ್ಟೆ, ಕ್ಯಾಮೆರಾ ಮುಚ್ಚುವ ಪ್ಲಾಸ್ಟಿಕ್ ಇಂಥವೇನೂ ಇರಕೂಡದು. ಮುಚ್ಚಿದಾಗ ಒತ್ತಡ ಗಾಜಿನ ಮೇಲೆಯೇ ಬೀಳುತ್ತದೆ.

ಡಿಸ್ಕ್ ಗೂಢಲಿಪೀಕರಣ (ಎನ್‌ಕ್ರಿಪ್ಷನ್) ಚಾಲೂ ಇದೆಯೇ ಖಾತ್ರಿಪಡಿಸಿಕೊಳ್ಳಿ. ಚೀಲ ಕಳುವಾದರೂ ಕಡತಗಳು ಅನ್ಯರ ಪಾಲಾಗುವುದಿಲ್ಲ. ಅದರ ರಿಕವರಿ ಕೀಲಿಯನ್ನು, ಅಂದರೆ ಡಿಸ್ಕನ್ನು ಮತ್ತೆ ತೆರೆಯಲು ಬೇಕಾಗುವ ಸಂಖ್ಯೆಯನ್ನು, ಮನೆಯಲ್ಲಿ ಬರೆದಿಡಿ. ಮುಖ್ಯ ಕಡತಗಳ ಪ್ರತಿಯನ್ನು ಮನೆಯಲ್ಲೇ ಬಿಟ್ಟು ಹೊರಡಿ, ಏಕೆಂದರೆ ದಾಂಡೇಲಿಯ ಆಚೆ ಕಾಡಿನ ಬಹುಭಾಗದಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಕ್ಲೌಡ್ ನಂಬಿ ಕೂಡಲು ಬರುವುದಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮಕ್ಕೆ ಹೊರಟರೆ ಚೀಲದ ಮೇಲಿನ ಮಳೆಕವಚ ಸಾಲದು. ಬೆನ್ನಿಗೆ ತಾಗುವ ಬದಿಯಿಂದ ನೀರು ಇಳಿದೇ ಇಳಿಯುತ್ತದೆ. ಬಾಯಿಯನ್ನು ಮೂರು ಸುತ್ತು ಸುರುಳಿ ಸುತ್ತಿ ಮುಚ್ಚುವ ಜಲನಿರೋಧಕ ಚೀಲದೊಳಗೆ ಯಂತ್ರವನ್ನಿಟ್ಟು, ಅದನ್ನು ಬೆನ್ನಿನ ಚೀಲದೊಳಗೆ ಇಡಿ. ಒಳಗೆ ನಾಲ್ಕು ಸಿಲಿಕಾ ಪೊಟ್ಟಣ ಹಾಕಿ. ಮಳೆಯಿಂದ ಕೋಣೆಗೆ ಬಂದ ತಕ್ಷಣ ಆನ್ ಮಾಡದೆ ಅರ್ಧ ತಾಸು ಬಿಡಿ, ಒಳಗೆ ಕಟ್ಟಿದ ತೇವ ಆರಲಿ.

ಮೊದಲ ಸವಾರಿ ದೂರದ್ದಾಗುವುದು ಬೇಡ. ಧಾರವಾಡದಿಂದ ಅಳ್ನಾವರದವರೆಗೆ ಹೋಗಿ ಬಂದು, ತಳದ ಸ್ಕ್ರೂಗಳನ್ನು ಒಂದೊಂದಾಗಿ ಮುಟ್ಟಿ ನೋಡಿ. ಸಡಿಲವಾದದ್ದಕ್ಕೆ ನೀಲಿ ಬಣ್ಣದ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲಾಗದಂತೆ ಹಿಡಿದಿಡುವ ಅಂಟು) ಒಂದು ಹನಿ ಸಾಕು. ಕೆಂಪು ಬಣ್ಣದ್ದನ್ನು ಹಾಕಿದರೆ ಮುಂದೆ ರಿಪೇರಿಯವರಿಗೂ ಬಿಚ್ಚಲು ಬಾರದು.